ಮೊದಲ ಬಾಗಿಲಿನ ಡಾಕ್ಟರು



ಅಕ್ಟೋಬರ್ 18 ಸಂತ ಲೂಕರ ಹಬ್ಬ. ಲೂಕರು ವೈದ್ಯರಾಗಿದ್ದರೆಂದು ಸಂತ ಪೌಲರ ಪತ್ರದಿಂದ ನಮಗೆಲ್ಲ ಗೊತ್ತಿದೆ. ಆ ಹಬ್ಬಕ್ಕೆ ಹತ್ತಿರದ ಭಾನುವಾರ ನಮ್ಮ ಇಗರ್ಜಿಯಲ್ಲಿ ವೈದ್ಯರನ್ನೂ ದಾದಿಯರನ್ನೂ ಮುಂದೆ ಕರೆದು ಆಶೀರ್ವದಿಸುವ ಪದ್ಧತಿ ಇಟ್ಟುಕೊಂಡಿದ್ದೇವೆ. ಕಳೆದ ಸಲ ಗುರಿಕಾರರು ವಾಳೆಯಿಂದ ವಾಳೆಗೆ ಹೋಗಿ ಪಟ್ಟಿ ಮಾಡಿದಾಗ ನಮ್ಮ ಈ ಸಣ್ಣ ಧರ್ಮಕೇಂದ್ರದಲ್ಲಿ ಹದಿಮೂರು ಡಾಕ್ಟರುಗಳ ಹೆಸರು ಸಿಕ್ಕಿತು. ನಮಗೆ ಹೆಮ್ಮೆಯೇ ಆಯಿತು. ಬಲಿಪೂಜೆಯ ಕೊನೆಗೆ ಒಂದೊಂದೇ ಹೆಸರು ಓದಿದೆವು. ಸ್ವತಃ ಎದ್ದು ಬಂದವರು ಇಬ್ಬರು. ಉಳಿದ ಹನ್ನೊಂದು ಮಂದಿಗಾಗಿ ಅಪ್ಪನೋ ಅಮ್ಮನೋ ಬಂದು ನಿಂತರು. ಮಕ್ಕಳು ಮಂಗಳೂರಲ್ಲಿ, ಬೆಂಗಳೂರಲ್ಲಿ, ದುಬಾಯಿಯಲ್ಲಿ, ಇಂಗ್ಲೆಂಡಿನಲ್ಲಿ. ಜನ ಚಪ್ಪಾಳೆ ತಟ್ಟಿದರು.

ಪೂಜೆ ಮುಗಿದು ನಾವು ಮೆಟ್ಟಿಲಲ್ಲಿ ನಿಂತಿದ್ದಾಗ ವಯಸ್ಸಾದ ಬಾಯಮ್ಮ ಒಬ್ಬರು ಹತ್ತಿರ ಬಂದರು. "ಫಾದರ್, ಇಷ್ಟು ಮಂದಿ ಡಾಕ್ಟರುಗಳಲ್ಲಿ ಇವತ್ತು ಸಂಜೆ ಸಿಗುವವರು ಯಾರು? ಪುಳ್ಳಿಗೆ ನಿನ್ನೆಯಿಂದ ಜ್ವರ ಉಂಟು."

ಮುಂದೆ ಬಂದಿದ್ದ ಇಬ್ಬರಲ್ಲಿ ಒಬ್ಬರು ಎಕ್ಸ್‌ರೇ, ಸ್ಕ್ಯಾನ್ ಓದುವವರು. ಇನ್ನೊಬ್ಬರು ಮಧ್ಯಾಹ್ನದ ರೈಲಿಗೆ ಹೊರಡುವವರು. ಬಾಯಮ್ಮ ಕೊನೆಗೆ ಮೆಡಿಕಲ್ ಶಾಪಿನ ಹುಡುಗನನ್ನು ಕೇಳಿ ಸಿರಪ್ ತಂದರಂತೆ. ಮಗು ಹುಷಾರಾಯಿತು, ದೇವರ ದಯೆ. ಆದರೆ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ.

ನಮ್ಮ ಮಂಜೇಶ್ವರ, ಕಾಸರಗೋಡು ಕಡೆಯವರಿಗೆ ಡಾಕ್ಟರು ಎಂದರೆ ಮಂಗಳೂರು. "ಅಜ್ಜನನ್ನು ಮಂಗಳೂರಿಗೆ ಕರೆದುಕೊಂಡು ಹೋದರು" ಎಂದರೆ ಯಾಕೆ ಎಂದು ಯಾರೂ ಕೇಳುವುದಿಲ್ಲ, "ಕಂಕನಾಡಿಯಾ, ಅತ್ತಾವರವಾ, ದೇರಳಕಟ್ಟೆಯಾ" ಎಂದು ಮಾತ್ರ ಕೇಳುತ್ತಾರೆ. ಇದು ಇಂದಿನ ಅಭ್ಯಾಸವಲ್ಲ. 1956ರ ನವೆಂಬರ್ 1ರ ತನಕ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯ ಭಾಗ, ಮಂಗಳೂರೇ ನಮ್ಮ ಜಿಲ್ಲಾ ಕೇಂದ್ರ. ಕೋರ್ಟು, ಕಾಲೇಜು, ಬಿಷಪರು, ಆಸ್ಪತ್ರೆ ಎಲ್ಲವೂ ಅಲ್ಲಿ. ರಾಜ್ಯ ಬೇರೆಯಾದ ಮೇಲೆ ಕೋರ್ಟು ದಕ್ಷಿಣಕ್ಕೆ ಹೋಯಿತು. ಕಾಯಿಲೆ ಮಾತ್ರ ಉತ್ತರಕ್ಕೇ ಹೋಗುತ್ತಾ ಉಳಿಯಿತು.

ಆ ನಗರದಲ್ಲಿ ಇಷ್ಟು ಡಾಕ್ಟರುಗಳು ಹೇಗೆ ಸೇರಿದರು ಎಂಬುದೂ ತಿಳಿದಿರಬೇಕಾದ ವಿಷಯವೇ. ವೆನ್ಲಾಕ್ ಆಸ್ಪತ್ರೆಯ ಮೂಲ 1848ರಲ್ಲಿದೆ. 1880ರಲ್ಲಿ ಯೇಸುಸಭೆಯ ಗುರು ಅಗಸ್ಟಸ್ ಮುಲ್ಲರ್ ಕಂಕನಾಡಿಯ ಆಲದ ಮರದ ಕೆಳಗೆ ಹೋಮಿಯೋಪತಿ ಮದ್ದು ಕೊಡಲು ಶುರುಮಾಡಿದರು. ಹತ್ತು ವರ್ಷದಲ್ಲಿ ಕುಷ್ಠರೋಗಿಗಳಿಗೆ ಆಶ್ರಯ, ಬಳಿಕ ಆಸ್ಪತ್ರೆ. 1953ರಲ್ಲಿ ಟಿ.ಎಂ.ಎ. ಪೈಯವರು ಕಸ್ತೂರ್ಬಾ ಮೆಡಿಕಲ್ ಕಾಲೇಜು ಸ್ಥಾಪಿಸಿದರು. ಅದರ ವಿದ್ಯಾರ್ಥಿಗಳು ವೆನ್ಲಾಕಿನ ಹಾಸಿಗೆಗಳ ಪಕ್ಕದಲ್ಲಿ ನಿಂತು ಕಲಿತರು. ಮೆಡಿಕಲ್ ಕಾಲೇಜಿಗೆ ಹಾಸಿಗೆ ಬೇಕು, ಹಾಸಿಗೆಗೆ ರೋಗಿ ಬೇಕು, ರೋಗಿ ಬಂದಲ್ಲಿಗೆ ತಜ್ಞರು ಬರುತ್ತಾರೆ, ತಜ್ಞರಿದ್ದಲ್ಲಿಗೆ ಮತ್ತಷ್ಟು ರೋಗಿಗಳು. ಹೀಗೆ ಒಂದರ ಮೇಲೊಂದು ಸೇರಿ ಇಂದು ಮಂಗಳೂರು ಮತ್ತು ಅದರ ಸುತ್ತ ಏಳು ಮೆಡಿಕಲ್ ಕಾಲೇಜುಗಳಿವೆ, ಸುಳ್ಯದ್ದು ಸೇರಿದರೆ ಜಿಲ್ಲೆಗೆ ಎಂಟು. ಎಲ್ಲವೂ ಖಾಸಗಿಯವರದ್ದು. ಕಂಕನಾಡಿಯ ನಮ್ಮವರ ಆಸ್ಪತ್ರೆಗೂ 1999ರಲ್ಲಿ ಮೆಡಿಕಲ್ ಕಾಲೇಜು ಸೇರಿತು. ಹೃದಯ, ಮೂತ್ರಪಿಂಡ, ಮಿದುಳು, ನವಜಾತ ಶಿಶು, ಯಾವುದಕ್ಕೆ ಡಾಕ್ಟರಿಲ್ಲ ಹೇಳಿ! ಗಂಭೀರ ಕಾಯಿಲೆಗಳಲ್ಲಿ ಈ ನಗರ ನಮ್ಮ ಅದೆಷ್ಟು ಮನೆಗಳ ದೀಪ ಆರದಂತೆ ಉಳಿಸಿದೆ ಎಂಬುದಕ್ಕೆ ಲೆಕ್ಕವಿಲ್ಲ. ಆ ಋಣವನ್ನು ಮರೆತು ನಾವು ಬರೆಯುತ್ತಿಲ್ಲ.

ಆದರೆ ನಗರದಲ್ಲಿ ಡಾಕ್ಟರು ಇರುವುದು ಬೇರೆ, ನಮಗೆ ಡಾಕ್ಟರು ಸಿಗುವುದು ಬೇರೆ.

ಪೆರ್ಲ, ಬದಿಯಡ್ಕ ಒಳಭಾಗದ ಮನೆಯೊಂದನ್ನು ಎಣಿಸಿಕೊಳ್ಳಿ. ಬೆಳಿಗ್ಗೆ ಐದಕ್ಕೆ ಎದ್ದು ದನಕ್ಕೆ ಹುಲ್ಲು ಹಾಕಿ ಮೊದಲ ಬಸ್ಸು ಹಿಡಿಯಬೇಕು. ಜತೆಗೆ ಒಬ್ಬರು ಬೇಕು, ಅವರ ದಿನದ ಕೂಲಿ ಹೋಯಿತು. ಅಲ್ಲಿ ಚೀಟಿಗೆ ಒಂದು ಸಾಲು, ಡಾಕ್ಟರ ಕೋಣೆಯ ಹೊರಗೆ ಇನ್ನೊಂದು, ರಕ್ತ ಕೊಡಲು ಮತ್ತೊಂದು. ವರದಿ ಬರುವಷ್ಟರಲ್ಲಿ ಡಾಕ್ಟರು ವಾರ್ಡಿಗೆ ಹೋಗಿರುತ್ತಾರೆ. ಎದುರಿಗೆ ಕೂತ ಎಳೆಯ ಡಾಕ್ಟರಿಗೆ ಊರು ಎಲ್ಲಿಯೋ. ನೀಟ್ ಪರೀಕ್ಷೆ ಬರೆದು ದೇಶದ ಯಾವ ಮೂಲೆಯಿಂದಲೋ ಬಂದವರು, ಪಾಪ, ಹಿಂದಿ ಇಂಗ್ಲಿಷಿನಲ್ಲಿ ಕೇಳುತ್ತಾರೆ. ನಮ್ಮ ಅಜ್ಜಿ ತುಳುವಿನಲ್ಲಿ, ಕೊಂಕಣಿಯಲ್ಲಿ ಹೇಳುತ್ತಾರೆ. "ಎದೆ ಉರಿ" ಮತ್ತು "ಎದೆ ನೋವು" ನಡುವಿನ ವ್ಯತ್ಯಾಸ ಅಲ್ಲೇ ಎಲ್ಲೋ ಕಳೆದುಹೋಗುತ್ತದೆ. ಇತ್ತ ನಮ್ಮ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗೆ ಹೋದರೂ ಅದೇ ಪಾಡು, ಅಲ್ಲಿ ಮಲಯಾಳಂ ಮಾತ್ರ ಬಲ್ಲ ಡಾಕ್ಟರು. ಅವರಿಗೆ ತಿರುವನಂತಪುರ, ಕೊಲ್ಲಂ ಕಡೆ ಮನೆ. ವರ್ಗಾವಣೆಗೆ ಅರ್ಜಿ ಹಾಕಿ ದಿನ ಎಣಿಸುತ್ತಿರುವವರನ್ನು ನಾವೇ ಕಂಡಿದ್ದೇವೆ. ದೂರುವುದು ಯಾರನ್ನು?

ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರ ಕತೆ ಹೇಳುತ್ತೇವೆ. ಅವರ ಅನುಮತಿ ಪಡೆದೇ ಬರೆಯುತ್ತಿದ್ದೇವೆ. ರಕ್ತದೊತ್ತಡಕ್ಕೆಂದು ಮಗಳು ಅವರನ್ನು ಹೃದಯದ ಡಾಕ್ಟರಲ್ಲಿಗೆ ಕರೆದೊಯ್ದಳು, ಮಾತ್ರೆ ಬರೆದರು. ಆರು ತಿಂಗಳ ಮೇಲೆ ಕಾಲು ಊದಿತು. ಯಾರೋ ಹೇಳಿದರೆಂದು ಬೇರೆ ಆಸ್ಪತ್ರೆಯ ಮೂತ್ರಪಿಂಡದ ಡಾಕ್ಟರಲ್ಲಿಗೆ ಹೋದರು. ಹಳೆಯ ಫೈಲು ಮನೆಯಲ್ಲೇ ಉಳಿದಿತ್ತು. ಅವರೂ ಒತ್ತಡ ನೋಡಿ ಮಾತ್ರೆ ಬರೆದರು. ಬಳಿಕ ತಲೆ ಸುತ್ತು ಶುರುವಾಯಿತು. ಮೂರನೆಯ ಆಸ್ಪತ್ರೆ, ಕಿವಿಯ ಡಾಕ್ಟರು, ತಲೆಸುತ್ತಿಗೆ ಇನ್ನೊಂದು ಮಾತ್ರೆ. ಒಂದು ರಾತ್ರಿ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಮನೆಗೆ ಬಂದ ಮೇಲೆ ಪಂಚಾಯತಿನ ಪ್ಯಾಲಿಯೇಟಿವ್ ದಾದಿ ನೋಡಲು ಬಂದಳು. ಮನೆಯಲ್ಲಿರುವ ಮಾತ್ರೆಯೆಲ್ಲ ತನ್ನಿ ಎಂದು ಹೇಳಿ ಗೆರಸೆಯಲ್ಲಿ ಹರಡಿ, ಪಟ್ಟಿಯ ಹಿಂದಿನ ಸಣ್ಣ ಅಕ್ಷರ ಓದಿದಳು. ಎರಡು ಬಣ್ಣದ, ಎರಡು ಹೆಸರಿನ ಪಟ್ಟಿಗಳಲ್ಲೂ ಒಳಗೆ ಇದ್ದದ್ದು ಒಂದೇ ಮದ್ದು, ಅಮ್ಲೋಡಿಪಿನ್. ಅಂದರೆ ಅಷ್ಟು ತಿಂಗಳೂ ದುಪ್ಪಟ್ಟು. ಕಾಲು ಊದುವುದು ಆ ಮದ್ದಿನಿಂದಲೇ ಬರಬಹುದಾದ ತೊಂದರೆಯಂತೆ, ಒತ್ತಡ ತೀರ ಇಳಿದರೆ ತಲೆ ಸುತ್ತುವುದೂ ಸಹಜವಂತೆ.

ಮೂವರು ಡಾಕ್ಟರುಗಳಲ್ಲಿ ಯಾರೂ ತಪ್ಪು ಮಾಡಲಿಲ್ಲ, ಇದನ್ನು ಗಮನಿಸಬೇಕು. ಪ್ರತಿಯೊಬ್ಬರೂ ತಮ್ಮ ಎದುರಿಗೆ ಕೂತ ಅಂಗವನ್ನು ಸರಿಯಾಗಿಯೇ ನೋಡಿದರು. ಆ ಮನುಷ್ಯನನ್ನು ಇಡಿಯಾಗಿ ನೋಡುವವರು ಮಾತ್ರ ಯಾರೂ ಇರಲಿಲ್ಲ. ಹಿಂದೆ ಅಂಥವರು ಇದ್ದರು. ಮನೆ ಡಾಕ್ಟರು ಎನ್ನುತ್ತಿದ್ದರು. ಕಪ್ಪು ಚೀಲ, ಹಳೆಯ ಸ್ಕೂಟರು, ಅಪ್ಪನಿಗೆ ಏನಿತ್ತು, ಅಮ್ಮ ಯಾವುದರಲ್ಲಿ ತೀರಿಕೊಂಡರು ಎಲ್ಲ ಬಾಯಿಪಾಠ. ಮೊದಲು ಅವರಲ್ಲಿಗೆ, ಅವರು ಚೀಟಿ ಕೊಟ್ಟರೆ ಮಾತ್ರ ಮಂಗಳೂರಿಗೆ. ಈಗ ಮೊದಲ ಬಾಗಿಲೇ ಇಲ್ಲದೆ ನೇರ ಗರ್ಭಗುಡಿಗೆ ನುಗ್ಗಿದಂತೆ ಆಗಿದೆ ನಮ್ಮ ಸ್ಥಿತಿ. ನೆಗಡಿಯವನೂ ನರರೋಗದವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ನಿಜವಾಗಿ ತಜ್ಞರು ಬೇಕಾದವನ ಸರದಿ ಸಂಜೆಗೆ ಬರುತ್ತದೆ.

ಡಾಕ್ಟರುಗಳೇ ಕಡಿಮೆ, ಅದಕ್ಕೇ ಹೀಗೆ ಎನ್ನುವವರಿದ್ದಾರೆ. ಲೆಕ್ಕ ನೋಡೋಣ. 1946ರಲ್ಲಿ ಸರ್ ಜೋಸೆಫ್ ಭೋರ್ ಸಮಿತಿ ವರದಿ ಕೊಟ್ಟಾಗ ಬ್ರಿಟಿಷ್ ಭಾರತದಲ್ಲಿ ಸುಮಾರು 6,300 ಜನರಿಗೆ ಒಬ್ಬ ಡಾಕ್ಟರು. ಆಗ ಪದವಿ ಪಡೆದವರು 17,654, ಎಲ್.ಎಂ.ಪಿ. ಓದಿದವರು 29,870. ನಮ್ಮ ಅಜ್ಜಂದಿರು "ಎಲ್ಲೆಂಪಿ ಡಾಕ್ಟರು" ಎನ್ನುತ್ತಿದ್ದದ್ದು ಇವರನ್ನೇ. ಕಡಿಮೆ ಅವಧಿಯ ಓದು, ಹೆಚ್ಚಿನವರ ಬದುಕು ಸಣ್ಣ ಊರುಗಳಲ್ಲಿ. ಇನ್ನು ಮುಂದೆ ಒಂದೇ ಬಗೆಯ ಡಾಕ್ಟರು ಸಾಕು ಎಂದು ಸಮಿತಿಯ ಬಹುಮತ ಹೇಳಿತು, ಎಲ್.ಎಂ.ಪಿ. ಶಾಲೆಗಳು ಮುಚ್ಚಿದವು. ಹಳ್ಳಿಯವರಿಗೆ ಎರಡನೆಯ ದರ್ಜೆಯ ಡಾಕ್ಟರು ಯಾಕೆ ಎಂಬುದು ಅದರ ಹಿಂದಿನ ಒಳ್ಳೆಯ ಮನಸ್ಸು. ಒಂದನೆಯ ದರ್ಜೆಯವರು ಹಳ್ಳಿಗೆ ಹೋಗುವರೇ ಎಂಬುದಕ್ಕೆ ಮಾತ್ರ ಉತ್ತರ ಸಿಗಲಿಲ್ಲ.

ಇಂದಿನ ಲೆಕ್ಕ ಬೇರೆ. 2022ರ ಜೂನ್ ಹೊತ್ತಿಗೆ ದೇಶದಲ್ಲಿ ನೋಂದಾಯಿಸಿದ ಅಲೋಪತಿ ಡಾಕ್ಟರುಗಳು 13,08,009. ಅವರಲ್ಲಿ ನೂರಕ್ಕೆ ಎಂಬತ್ತು ಮಂದಿ ಕೆಲಸದಲ್ಲಿದ್ದಾರೆಂದು ಹಿಡಿದು, 5.65 ಲಕ್ಷ ಆಯುಷ್ ವೈದ್ಯರನ್ನೂ ಸೇರಿಸಿ, 834 ಜನರಿಗೆ ಒಬ್ಬ ಡಾಕ್ಟರು ಇದ್ದಾರೆಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತು. ಸಾವಿರಕ್ಕೊಬ್ಬ ಬೇಕೆಂದು ಎಲ್ಲರೂ ಹೇಳುವ ಅಳತೆಯನ್ನು ಇದು ದಾಟಿದೆ. 2014ಕ್ಕೆ ಮೊದಲು ಎಂ.ಬಿ.ಬಿ.ಎಸ್. ಸೀಟುಗಳು 51,348 ಇದ್ದವು, ಈಗ ಲಕ್ಷ ಮೀರಿವೆ. ಸರಾಸರಿ ಎಂಬುದು ವಿಚಿತ್ರ ವಸ್ತು. ನಾವು ಎರಡು ದೋಸೆ ತಿಂದು ನೀವು ಉಪವಾಸವಿದ್ದರೆ ಇಬ್ಬರೂ ಒಂದೊಂದು ತಿಂದಂತೆ ಲೆಕ್ಕ.

ಇದನ್ನು ಬಹಳ ಹಿಂದೆಯೇ ಸರಿಯಾಗಿ ಕಂಡವರು ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬ ಡಾಕ್ಟರು. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಗ್ಲಿನ್‌ಕೊರಗ್ ಎಂಬ ಕಲ್ಲಿದ್ದಲು ಗಣಿಯ ಹಳ್ಳಿಯಲ್ಲಿ ವೃತ್ತಿ ನಡೆಸಿದವರು. 1971ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಒಳ್ಳೆಯ ವೈದ್ಯಕೀಯ ನೆರವು ಎಲ್ಲಿ ಹೆಚ್ಚು ಬೇಕೋ ಅಲ್ಲಿ ಕಡಿಮೆ ಸಿಗುತ್ತದೆ, ಎಲ್ಲಿ ಕಡಿಮೆ ಬೇಕೋ ಅಲ್ಲಿ ಹೆಚ್ಚು ಸಿಗುತ್ತದೆ, ಮಾರುಕಟ್ಟೆಗೆ ಬಿಟ್ಟಷ್ಟೂ ಈ ಅಂತರ ಬೆಳೆಯುತ್ತದೆ ಎಂಬುದು ಅದರ ಸಾರ. ಹೇಳಿ ಸುಮ್ಮನಾದವರಲ್ಲ. ಕಾಯಿಲೆ ಇರಲಿ ಬಿಡಲಿ, ತಮ್ಮ ಹಳ್ಳಿಯ ಜನರ ರಕ್ತದೊತ್ತಡ ಅಳೆದು ಬರೆದಿಟ್ಟುಕೊಂಡು, ವರ್ಷಗಟ್ಟಲೆ ಬೆನ್ನು ಹತ್ತಿ ನೋಡಿಕೊಂಡರು.

ವೇಲ್ಸ್ ಯಾಕೆ, ನಮ್ಮ ಎಣ್ಮಕಜೆಗೇ ಬನ್ನಿ. ಅಲ್ಲಿನ ಪಡ್ರೆ ಗ್ರಾಮದ ವಾಣಿನಗರದಲ್ಲಿ ಡಾ. ವೈ.ಎಸ್. ಮೋಹನ ಕುಮಾರ್ ಎಂಬ ಡಾಕ್ಟರು 1980ರ ದಶಕದಿಂದ ಸಾಮಾನ್ಯ ವೈದ್ಯರಾಗಿ ಕೆಲಸ ಮಾಡಿದವರು. ಮನೆಮನೆಯನ್ನೂ ಬಲ್ಲವರು. ವರ್ಷ ಕಳೆದಂತೆ ಅವರಿಗೆ ಒಂದು ವಿಷಯ ಕಾಡತೊಡಗಿತು. ಇಷ್ಟು ಸಣ್ಣ ಊರಿನಲ್ಲಿ ಬುದ್ಧಿ ಬೆಳೆಯದ ಮಕ್ಕಳು, ಹುಟ್ಟಿನಿಂದಲೇ ಅಂಗ ಊನವಾದ ಮಕ್ಕಳು, ಮಾನಸಿಕ ರೋಗಿಗಳು, ಕ್ಯಾನ್ಸರ್ ಆದವರು ಇಷ್ಟೊಂದು ಯಾಕೆ? ಸುತ್ತಲಿನ ಗುಡ್ಡಗಳಲ್ಲಿ ಸರ್ಕಾರಿ ತೋಟಗಾರಿಕಾ ನಿಗಮದ ಗೇರು ತೋಟ. ಅದರ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ, 2000ದ ತನಕ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದರು. ಅದು ತೊರೆಗೂ ಸುರಂಗದ ನೀರಿಗೂ ಇಳಿಯುತ್ತಿತ್ತು. ಡಾಕ್ಟರು ಬರೆದಿಟ್ಟುಕೊಂಡರು, ಕೇಳಿದವರಿಗೆ ಹೇಳಿದರು. ಪತ್ರಕರ್ತ ಶ್ರೀಪಡ್ರೆಯವರು ಅದನ್ನು ಹೊರಜಗತ್ತಿಗೆ ಮುಟ್ಟಿಸಿದರು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಾದ್ಯಂತ ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು.

ಯೋಚಿಸಿ ನೋಡಿ. ಆ ಊರಿನ ರೋಗಿಗಳೂ ಮಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ಹೋಗಿ ಬಂದವರೇ. ಒಬ್ಬ ಮಕ್ಕಳ ಡಾಕ್ಟರಲ್ಲಿಗೆ, ಒಬ್ಬ ಮನೋರೋಗದ ಡಾಕ್ಟರಲ್ಲಿಗೆ, ಒಬ್ಬ ಕ್ಯಾನ್ಸರ್ ವಾರ್ಡಿಗೆ. ಅಲ್ಲಿ ಅವರು ಬೇರೆ ಬೇರೆ ಕೋಣೆಗಳ ಬೇರೆ ಬೇರೆ ಕೇಸುಗಳು. ಅವರೆಲ್ಲ ಒಂದೇ ತೊರೆಯ ನೀರು ಕುಡಿದ ನೆರೆಹೊರೆಯವರು ಎಂದು ಕಾಣಬೇಕಾದರೆ ಆ ತೊರೆಯ ಬದಿಯಲ್ಲೇ ಕೂತ ಡಾಕ್ಟರು ಬೇಕಾಯಿತು.

ಇನ್ನು 2020ರ ಮಾರ್ಚ್ ತಿಂಗಳು. ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಕೊರೋನಾ ಬಂತು. ಆ ದಿನಗಳಲ್ಲಿ ದೇಶದಲ್ಲೇ ಹೆಚ್ಚು ಸೋಂಕಿತರಿದ್ದ ಜಿಲ್ಲೆಗಳಲ್ಲಿ ಕಾಸರಗೋಡೂ ಒಂದು. ಆದ್ದರಿಂದ ಗಡಿಯಾಚೆಯವರ ಹೆದರಿಕೆ ಸುಳ್ಳಾಗಿರಲಿಲ್ಲ. ಆದರೆ ತಲಪಾಡಿಯಲ್ಲಿ ಹೆದ್ದಾರಿಗೆ ತಡೆ ಬಿತ್ತು, ಒಳರಸ್ತೆಗಳ ಮೇಲೆ ಮಣ್ಣು ಸುರಿದರು. ಆಂಬ್ಯುಲೆನ್ಸುಗಳೂ ನಿಂತವು. ಮಂಗಳೂರಿಗೆ ಹೋಗಲಾಗದೆ ಗಡಿಯ ಈಚೆ ಹಲವರು ಪ್ರಾಣ ಬಿಟ್ಟರು. ಕಾಸರಗೋಡು ಪೇಟೆಯಿಂದ ಮಂಗಳೂರು ಸುಮಾರು 50 ಕಿಲೋಮೀಟರು, ಮಂಜೇಶ್ವರದಿಂದ ಅದರ ಅರ್ಧವೂ ಇಲ್ಲ. ದಕ್ಷಿಣದ ಪರಿಯಾರಂ ಮೆಡಿಕಲ್ ಕಾಲೇಜು ಮಂಜೇಶ್ವರದವರಿಗೆ ನೂರು ಕಿಲೋಮೀಟರಿನ ಹತ್ತಿರ. ಏಪ್ರಿಲ್ 1ರಂದು ಕೇರಳ ಹೈಕೋರ್ಟು ದಾರಿ ತೆರೆಸಬೇಕೆಂದಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ರೋಗಿಗಳನ್ನು ಬಿಡುವ ಕ್ರಮಕ್ಕೆ ಎರಡೂ ರಾಜ್ಯಗಳು ಒಪ್ಪಿವೆಯೆಂದು ಏಪ್ರಿಲ್ 7ರಂದು ಕೋರ್ಟಿಗೆ ತಿಳಿಸಲಾಯಿತು.

ನಮ್ಮ ಧರ್ಮಕೇಂದ್ರದ ಒಬ್ಬ ಬಾಯಿ ವಾರಕ್ಕೆ ಎರಡು ಸಲ ಡಯಾಲಿಸಿಸಿಗೆ ಮಂಗಳೂರಿಗೆ ಹೋಗುತ್ತಿದ್ದರು. ಬುಧವಾರ ಹೋದವರನ್ನು ಹಿಂದೆ ಕಳಿಸಿದರು. ಶನಿವಾರವೂ ಹಾಗೆಯೇ. ಗಂಡ ರಾತ್ರಿ ನಮಗೆ ಫೋನು ಮಾಡಿ, "ಫಾದರ್, ಆ ಕಡೆ ನಿಮಗೆ ಯಾರಾದರೂ ಗೊತ್ತಿದ್ದಾರಾ?" ಎಂದು ಕೇಳಿದರು. ನಮಗೆ ಗೊತ್ತಿದ್ದವರಿಗೆಲ್ಲ ಫೋನು ಮಾಡಿದೆವು. ಅವರಿಗೂ ನಮ್ಮ ಹಾಗೆಯೇ ಅಸಹಾಯಕತೆ. ಕೊನೆಗೆ ದಕ್ಷಿಣದ ಒಂದು ಆಸ್ಪತ್ರೆಯಲ್ಲಿ ಜಾಗ ಸಿಕ್ಕಿತು. ಅಷ್ಟರಲ್ಲಿ ಮೂರು ಸರದಿ ತಪ್ಪಿತ್ತು, ಮುಖ ಊದಿ ಮಾತು ತೊದಲುತ್ತಿತ್ತು. ಆಗ ಉಳಿದರು. ಜುಲೈಯಲ್ಲಿ ತೀರಿಕೊಂಡರು, ಸಮಾಧಿಯ ಬಳಿ ನಾವು ಒಂಬತ್ತು ಮಂದಿ ನಿಂತಿದ್ದೆವು. ಆ ತಪ್ಪಿದ ಮೂರು ಸರದಿಯೇ ಕಾರಣ ಎಂದು ಡಾಕ್ಟರು ಹೇಳಲಿಲ್ಲ, ನಾವೂ ಹೇಳುವುದಿಲ್ಲ. ಗಂಡ ಮಾತ್ರ ಇಂದಿಗೂ ತಲಪಾಡಿ ದಾಟುವಾಗ ಬಸ್ಸಿನ ಕಿಟಕಿಯ ಹೊರಗೆ ನೋಡುವುದಿಲ್ಲ.

ಉಕ್ಕಿನಡ್ಕದಲ್ಲಿ ನಮ್ಮ ಜಿಲ್ಲೆಯ ಸರ್ಕಾರಿ ಮೆಡಿಕಲ್ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರಲ್ಲಿ. 2020ರ ಏಪ್ರಿಲಿನಲ್ಲಿ ತರಾತುರಿಯಿಂದ ಅದರ ಕಟ್ಟಡವನ್ನು ಕೊರೋನಾ ಆಸ್ಪತ್ರೆ ಮಾಡಿದರು. ಹೊರರೋಗಿ ವಿಭಾಗ ಶುರುವಾದದ್ದು 2022ರಲ್ಲಿ. 50 ಎಂ.ಬಿ.ಬಿ.ಎಸ್. ಸೀಟುಗಳಿಗೆ ಅನುಮತಿ ಸಿಗುವಾಗ 2025 ಬಂತು. ಹನ್ನೆರಡು ವರ್ಷ! ಮಂಗಳೂರು ಹತ್ತಿರ ಇದೆಯಲ್ಲ ಎಂಬ ಧೈರ್ಯ ಸರ್ಕಾರಕ್ಕೂ ಇತ್ತು, ನಮಗೂ ಇತ್ತು. ಗಟ್ಟಿಯಾಗಿ ಕೇಳಬೇಕಾದವರು ನಾವು ಬಸ್ಸು ಹತ್ತಿ ಹೋಗುತ್ತಿದ್ದೆವು.

ಈಗ ಸ್ವಲ್ಪ ನಮ್ಮ ಮನೆಯ ಮಾತು. ಒಂದು ಮದುವೆಯ ಊಟದ ಪಂಕ್ತಿಯಲ್ಲಿ ನಮ್ಮ ಊರಿನ ಹುಡುಗಿಯೊಬ್ಬಳು ಎದುರಿಗೆ ಸಿಕ್ಕಿದಳು. ಹೌಸ್ ಸರ್ಜನ್ಸಿ ಆಗಷ್ಟೇ ಮುಗಿಸಿದ್ದಳು. "ಎಂ.ಬಿ.ಬಿ.ಎಸ್. ಆಯಿತಲ್ಲ, ಮುಂದೆ ಎಂತ?" ಎಂದು ನಾವೇ ಕೇಳಿದೆವು. ಪಕ್ಕದಲ್ಲಿದ್ದವರು, "ಹೌದು, ಈಗ ಬರೀ ಎಂ.ಬಿ.ಬಿ.ಎಸ್. ಇದ್ದರೆ ಯಾರು ಕೇಳುತ್ತಾರೆ?" ಎಂದರು. ಹುಡುಗಿ ತಲೆ ತಗ್ಗಿಸಿದಳು. ಐದೂವರೆ ವರ್ಷ ಓದಿ, ಹೆರಿಗೆ ಮಾಡಿಸಿ, ರಾತ್ರಿ ಪಾಳಿ ಕಳೆದು ಬಂದ ಮಗುವಿಗೆ ನಾವು "ಬರೀ" ಎಂದೆವು. ಆ ಒಂದು ಪದಕ್ಕೆ ಹೆದರಿ ಎಷ್ಟೋ ಮಕ್ಕಳು ಎರಡು ವರ್ಷ, ಮೂರು ವರ್ಷ ಕೋಣೆಯ ಬಾಗಿಲು ಹಾಕಿ ಪಿ.ಜಿ. ಪರೀಕ್ಷೆಗೆ ಓದುತ್ತಾರೆ. ಆ ಅವಧಿಯಲ್ಲಿ ಒಬ್ಬ ರೋಗಿಯ ಕೈಯನ್ನೂ ಮುಟ್ಟುವುದಿಲ್ಲ. ಅಡಿಕೆ ತೋಟದ ಒಂದು ತುಂಡು ಮಾರಿ ಫೀಸು ಕಟ್ಟಿದ ಮನೆಗೆ ಸಾಲ ತೀರಬೇಕು. ಸಾಲ ತೀರಬೇಕಾದರೆ ತಜ್ಞರಾಗಬೇಕು, ತಜ್ಞರಾದರೆ ನಗರದಲ್ಲೇ ಇರಬೇಕು. ಅವರಿಗೆ ಬುದ್ಧಿ ಹೇಳುವ ಅಧಿಕಾರ ನಮಗಿಲ್ಲ. ಮನೆ ಡಾಕ್ಟರಿಕೆಯೂ ಒಂದು ವಿಶೇಷ ವಿದ್ಯೆಯೇ, ಕುಟುಂಬ ವೈದ್ಯ ಶಾಸ್ತ್ರದಲ್ಲಿ ಎಂ.ಡಿ. ಮಾಡುವ ಅವಕಾಶ ಕೋಝಿಕ್ಕೋಡ್ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲೂ ಇದೆ ಎಂಬುದನ್ನು ಮಾತ್ರ ಹೆತ್ತವರ ಕಿವಿಗೆ ಹಾಕುತ್ತೇವೆ.

ಬಾಗಿಲು ಪೂರ್ತಿ ಮುಚ್ಚಿಲ್ಲ ಎನ್ನುವುದನ್ನೂ ಹೇಳಬೇಕು. ಕೇರಳ ಸರ್ಕಾರ 2017ರಲ್ಲಿ ಆರ್ದ್ರಂ ಎಂಬ ಯೋಜನೆ ತಂದು ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಕುಟುಂಬ ಆರೋಗ್ಯ ಕೇಂದ್ರಗಳಾಗಿ ಬದಲಿಸಲು ಹೊರಟಿತು. ಒಬ್ಬರ ಬದಲು ಮೂವರು ಡಾಕ್ಟರು, ಮಧ್ಯಾಹ್ನಕ್ಕೆ ಮುಚ್ಚದೆ ಸಂಜೆ ಆರರ ತನಕ ಎಂಬುದು ಯೋಜನೆ. ಎಲ್ಲ ಕಡೆ ಎಲ್ಲ ಹುದ್ದೆ ತುಂಬಿದೆ ಎನ್ನಲಾರೆವು, ತುಂಬಿಲ್ಲದ ಕಡೆ ಪಂಚಾಯತಿಗೆ ಅರ್ಜಿ ಕೊಡುವ ಹಕ್ಕು ನಮಗಿದೆ. ಕನ್ನಡ ಬಲ್ಲವರನ್ನು ಕೇಳುವ ಹಕ್ಕೂ ಇದೆ. ಆದರೆ ಇರುವಲ್ಲಿಗೂ ನಾವು ಹೋಗುತ್ತಿಲ್ಲವಲ್ಲ! "ಅಲ್ಲಿ ಎಲ್ಲದಕ್ಕೂ ಒಂದೇ ಮಾತ್ರೆ" ಎಂದು ನಗುತ್ತೇವೆ. ಒಂದೇ ಮಾತ್ರೆಯನ್ನು ಎರಡು ಹೆಸರಿನಲ್ಲಿ ನುಂಗುವುದಕ್ಕಿಂತ ಅದು ವಾಸಿ ಎಂದು ಆ ಹಿರಿಯರು ಈಗ ಹೇಳುತ್ತಾರೆ. ಅವರ ಮನೆಯಲ್ಲಿ ಈಗ ಎಲ್ಲ ಆಸ್ಪತ್ರೆಗಳ ಚೀಟಿಗೂ ಒಂದೇ ಫೈಲು. ಒಂದು ಹಾಳೆಯಲ್ಲಿ ಮೊಮ್ಮಗ ಎಲ್ಲ ಮದ್ದಿನ ಒಳಹೆಸರು ಬರೆದು ಅಂಟಿಸಿದ್ದಾನೆ. ಮಂಗಳೂರಿಗೆ ಹೋದರೂ ಅದನ್ನು ಹಿಡಿದೇ ಹೋಗುತ್ತಾರೆ.

ಆ ಮದುವೆಯ ಪಂಕ್ತಿಯ ಹುಡುಗಿ ಏನಾದಳೆಂದು ನೀವು ಕೇಳಬಹುದು. ಪಕ್ಕದ ಪಂಚಾಯತಿನ ಆರೋಗ್ಯ ಕೇಂದ್ರದಲ್ಲಿ ತಾತ್ಕಾಲಿಕ ಹುದ್ದೆಗೆ ಸೇರಿದ್ದಾಳೆ. ಪಿ.ಜಿ.ಗೆ ಓದುತ್ತಲೂ ಇದ್ದಾಳಂತೆ, ಎಷ್ಟು ಕಾಲ ಇರುತ್ತಾಳೋ ಹೇಳಲಾಗದು. ಹೋದ ತಿಂಗಳು ಕೆಮ್ಮು ಬಿಡದೆ ನಾವೂ ಅಲ್ಲಿಗೆ ಹೋದೆವು. ಫಾದರ್ ಬಂದಿದ್ದಾರೆ, ನೇರ ಒಳಗೆ ಹೋಗಲಿ ಎಂದು ಯಾರೋ ದಾರಿ ಬಿಟ್ಟರು. ಒಳಗಿನಿಂದ ಅವಳ ದನಿ ಕೇಳಿಸಿತು. "ಫಾದರ್, ಹತ್ತು ನಿಮಿಷ ಕೂತುಕೊಳ್ಳಿ. ಈ ಅಜ್ಜಿಯ ಮಾತು ಇನ್ನೂ ಮುಗಿದಿಲ್ಲ." ನಮ್ಮ ಟೋಕನ್ ನಂಬರು 37. ಬೆಂಚಿನಲ್ಲಿ ಕೂತೆವು. ಅಜ್ಜಿ ತುಳುವಿನಲ್ಲಿ ಮಾತಾಡುತ್ತಿದ್ದರು, ಡಾಕ್ಟರೂ ತುಳುವಿನಲ್ಲೇ ಕೇಳುತ್ತಿದ್ದಳು.